ಬ್ರಿಜ್ ಆಟದ ಬಿಡ್ಡಿಂಗ್ ಪದ್ಧತಿಗಳು: ಇತಿಹಾಸ ಮತ್ತು ಆಯ್ಕೆ

ಕಾಂಟ್ರ್ಯಾಕ್ಟ್ ಬ್ರಿಜ್ ನಾಲ್ವರು ಇಬ್ಬಿಬ್ಬರ ಜೋಡಿಯಾಗಿ ಕೂತು 52 ಎಲೆಗಳಲ್ಲಿ ಆಡುವ ಇಸ್ಪೀಟಿನ ಆಟ. ಜೊತೆಗಾರರು ಎದುರುಬದುರು ಕೂರುತ್ತಾರೆ. ಪ್ರತಿಯೊಬ್ಬರಿಗೂ 13 ಎಲೆ. ಎಲೆ ಇಳಿಸುವುದಕ್ಕೆ ಮುಂಚೆ ಒಂದು ಹರಾಜು ನಡೆಯುತ್ತದೆ. ಯಾವ ಜಾತಿ ತುರುಫು, ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತು) ಗೆಲ್ಲುತ್ತೇವೆ ಎಂಬುದನ್ನು ಅಲ್ಲಿ ಕೂಗಿ ಹೇಳಬೇಕು. ಈ ಹರಾಜೇ ಬಿಡ್ಡಿಂಗ್. ಯಾವ ಕೂಗಿಗೆ ಯಾವ ಅರ್ಥ ಎಂದು ಜೊತೆಗಾರರಿಬ್ಬರು ಮೊದಲೇ ಮಾಡಿಕೊಂಡ ಒಟ್ಟು ಒಪ್ಪಂದವನ್ನು ಬಿಡ್ಡಿಂಗ್ ಪದ್ಧತಿ ಎನ್ನುತ್ತಾರೆ. ಸಹಜವಾದ ಅರ್ಥ ಬಿಟ್ಟು ಬೇರೆ ಅರ್ಥ ಕೊಡುವ ಬಿಡಿ ಕೂಗು ಕನ್ವೆನ್ಷನ್. ಬ್ರಿಜ್ ಬೆಳೆದ ಇತಿಹಾಸದಲ್ಲಿ ಬಹುಪಾಲು ಈ ಒಪ್ಪಂದಗಳು ಬೆಳೆದ ಇತಿಹಾಸವೇ.

ಕೂಗಿನ ಸ್ವರೂಪ

ತಿಪಟೂರಿನ ಕೃಷಿ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ವರ್ತಕ ಹೇಳುವ ದರಕ್ಕೆ ಒಂದೇ ಅರ್ಥ: ಕ್ವಿಂಟಲ್‌ಗೆ ಇಷ್ಟು ರೂಪಾಯಿ ಕೊಡುತ್ತೇನೆ. ಬ್ರಿಜ್ ಹರಾಜಿನ ಕೂಗು ಎರಡು ಕೆಲಸ ಮಾಡುತ್ತದೆ. ಅದು ದರವೂ ಹೌದು, ಕೈಯಲ್ಲಿರುವ ಎಲೆಗಳ ಬಗ್ಗೆ ಜೊತೆಗಾರನಿಗೆ ಹೇಳುವ ಮಾತೂ ಹೌದು.

ಜಾತಿಗಳ ಏರಿಕೆಯ ಕ್ರಮ ಕಳಾವರ್, ಡೈಮಂಡ್, ಆಟಿನ್, ಇಸ್ಪೀಟು. ಎಲ್ಲಕ್ಕೂ ಮೇಲೆ ತುರುಫೇ ಇಲ್ಲದ ನೋ ಟ್ರಂಪ್. ಒಂದರಿಂದ ಏಳರವರೆಗೆ ಏಳು ಮಟ್ಟಗಳಿವೆ. 'ಒಂದು ಆಟಿನ್' ಎಂದು ಕೂಗಿದರೆ ಆರರ ಮೇಲೆ ಒಂದು, ಅಂದರೆ 7 ಟ್ರಿಕ್ ಗೆಲ್ಲುವ ಮಾತು ಕೊಟ್ಟಂತೆ. ಹೀಗೆ ಒಟ್ಟು 35 ಕೂಗುಗಳು. ಜೊತೆಗೆ ಪಾಸ್, ಡಬಲ್, ರೀಡಬಲ್. ಪ್ರತಿ ಕೂಗೂ ಹಿಂದಿನದಕ್ಕಿಂತ ಮೇಲಿರಬೇಕು. ಒಬ್ಬ ಆಟಗಾರನಿಗೆ ಬರಬಹುದಾದ 13 ಎಲೆಗಳ ಬೇರೆ ಬೇರೆ ಕೈಗಳ ಸಂಖ್ಯೆ 63,501 ಕೋಟಿಗೂ ಹೆಚ್ಚು. ಅಷ್ಟೊಂದು ಬಗೆಯ ಕೈಗಳನ್ನು ಇಷ್ಟೇ ಪದಗಳಲ್ಲಿ ವರ್ಣಿಸಬೇಕು, ಅದೂ ಮಾತು ಮುಂದುವರಿದಂತೆ ದರ ಏರುತ್ತಲೇ ಇರುವಾಗ. ಒಂದು ಪದಕ್ಕೆ ಒಂದು ಅರ್ಥ ಕೊಟ್ಟರೆ ಅದರ ಇನ್ನೊಂದು ಅರ್ಥವನ್ನು ಬಿಟ್ಟುಕೊಡಲೇಬೇಕು. ಪದ್ಧತಿಗಳ ನಡುವಿನ ಎಲ್ಲ ಭೇದಕ್ಕೂ ಮೂಲ ಇದೇ.

ಹರಾಜಿನ ಹುಟ್ಟು

ಬ್ರಿಜ್‌ನ ಪೂರ್ವಜ ವಿಸ್ಟ್ ಆಟದಲ್ಲಿ ಹರಾಜು ಇರಲಿಲ್ಲ. ಎಲೆ ಹಂಚಿದವನು ಕೊನೆಯ ಎಲೆಯನ್ನು ಮಗುಚುತ್ತಿದ್ದ. ಅದರ ಜಾತಿಯೇ ತುರುಫು. ಎಡ್ಮಂಡ್ ಹಾಯ್ಲ್ 1742ರಲ್ಲಿ ವಿಸ್ಟ್ ಕುರಿತು ಬರೆದ ಕೈಪಿಡಿ ಇಂಗ್ಲೆಂಡಿನಲ್ಲಿ ಆ ಆಟಕ್ಕೆ ಗಟ್ಟಿ ನೆಲೆ ಒದಗಿಸಿತು. 1886ರಲ್ಲಿ ಲಂಡನ್ನಿನಲ್ಲಿ 'ಬಿರಿಚ್' ಅಥವಾ ರಷ್ಯನ್ ವಿಸ್ಟ್‌ನ ನಿಯಮಗಳ ಕಿರುಹೊತ್ತಗೆ ಅಚ್ಚಾಯಿತು. ಈ ಆಟದಲ್ಲಿ ತುರುಫನ್ನು ಹಂಚಿದವನೇ ಆರಿಸಬಹುದಿತ್ತು, ಇಲ್ಲವೇ ಜೊತೆಗಾರನಿಗೆ ಬಿಡಬಹುದಿತ್ತು. ಜೊತೆಗಾರನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಡುವ ಡಮ್ಮಿಯೂ ಇಲ್ಲಿ ಇತ್ತು.

ತುರುಫು ಆರಿಸುವ ಹಕ್ಕನ್ನು ಹರಾಜಿಗಿಟ್ಟ ಹೆಜ್ಜೆಗೆ ಭಾರತದ ನಂಟಿದೆ. ದೂರದ ಠಾಣೆಯೊಂದರಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ನಾಲ್ಕನೆಯ ಆಟಗಾರ ಸಿಗದೆ, ಮೂವರೇ ಆಡಲು ಡಮ್ಮಿಯನ್ನು ಹರಾಜು ಹಾಕಿದರು ಎಂಬುದು ಬ್ರಿಜ್ ಇತಿಹಾಸದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ವಿವರ. ಹರಾಜಿನ ಬ್ರಿಜ್ ಕುರಿತ ಪತ್ರವೊಂದು 1903ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂತು. 1904ರಲ್ಲಿ 'ಜಾನ್ ಡೋ' ಎಂಬ ಗುಪ್ತನಾಮದ ಲೇಖಕನ ಪುಸ್ತಕ ಅಲಹಾಬಾದಿನಲ್ಲಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಆಕ್ಷನ್ ಬ್ರಿಜ್ ಹಳೆಯ ಆಟವನ್ನು ಬದಿಗೆ ತಳ್ಳಿತು.

ಆಕ್ಷನ್ ಬ್ರಿಜ್‌ನಲ್ಲಿ ಕಡಿಮೆ ಕೂಗಿ ಹೆಚ್ಚು ಗೆದ್ದರೂ ಗೆದ್ದದ್ದಕ್ಕೆಲ್ಲ ಪೂರ್ತಿ ಅಂಕ ಸಿಗುತ್ತಿತ್ತು. ಹಾಗಾಗಿ ಹರಾಜು ಗೆದ್ದರೆ ಸಾಕಿತ್ತು. ಕೈಯ ಬಲವನ್ನು ಕರಾರುವಾಕ್ಕಾಗಿ ಅಳೆಯುವ ಒತ್ತಡ ಇರಲಿಲ್ಲ. 'ಕೂಗಿದ್ದಕ್ಕೆ ಮಾತ್ರ ಗೇಮ್ (ಬೋನಸ್ ತರುವ ಗುರಿ) ಅಂಕ' ಎಂಬ ವಿಚಾರ ಹಲವು ಕಡೆ ತಲೆಯೆತ್ತಿತು. ಫ್ರಾನ್ಸಿನ ಪ್ಲಾಫಾನ್ ಆಟದ ತಿರುಳು ಇದೇ. ಪುಣೆಯಲ್ಲಿ ಹ್ಯೂ ಕ್ಲೇಟನ್ ಮತ್ತು ಸಂಗಡಿಗರು 1912ರ ಸುಮಾರಿಗೆ ಇಂಥದೇ ಆಟ ಕಟ್ಟಿದ್ದರು. 1914ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಅದರ ವಿವರಣೆ ಬಂತು. ಈ ಎಳೆಗಳನ್ನೆಲ್ಲ ಕೂಡಿಸಿ ನಿಲ್ಲುವಂಥ ಅಂಕಪದ್ಧತಿ ರೂಪಿಸಿದವರು ಅಮೆರಿಕದ ಹೆರಾಲ್ಡ್ ವ್ಯಾಂಡರ್ಬಿಲ್ಟ್. 1925ರ ನವೆಂಬರ್ 1ರಂದು, ಪನಾಮಾ ಕಾಲುವೆಯ ಮಾರ್ಗವಾಗಿ ಹವಾನಾಕ್ಕೆ ಹೊರಟಿದ್ದ 'ಫಿನ್‌ಲ್ಯಾಂಡ್' ಹಡಗಿನಲ್ಲಿ ಅದರ ಮೊದಲ ಆಟ ನಡೆಯಿತು. ಕೂಗದೆ ಗೆದ್ದ ಟ್ರಿಕ್ಕುಗಳಿಂದ ಇನ್ನು ಗೇಮ್ ಆಗುವಂತಿರಲಿಲ್ಲ. ಜೊತೆಗಾರನ ಕೈಯನ್ನು ಹರಾಜಿನಲ್ಲೇ ತಿಳಿಯುವುದು ಅನಿವಾರ್ಯವಾಯಿತು. ಪದ್ಧತಿಗಳ ಯುಗ ಅಲ್ಲಿಂದ ಶುರು.

ಪದ್ಧತಿಗಳ ಪೈಪೋಟಿ

ಮೊದಲ ಸಮಗ್ರ ಪದ್ಧತಿಯೂ ವ್ಯಾಂಡರ್ಬಿಲ್ಟ್ ಅವರದೇ. 1929ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಅವರು, ಬಲವಾದ ಕೈಯನ್ನೆಲ್ಲ 'ಒಂದು ಕಳಾವರ್' ಎಂದು ತೆರೆಯಬೇಕು, ಆ ಕೂಗಿಗೂ ಕೈಯಲ್ಲಿರುವ ಕಳಾವರ್ ಎಲೆಗಳಿಗೂ ಸಂಬಂಧವಿಲ್ಲ ಎಂದು ಸೂಚಿಸಿದರು. ಅತ್ಯಂತ ಕೆಳಗಿನ ಕೂಗನ್ನು ಅತ್ಯಂತ ಬಲವಾದ ಕೈಗೆ ಮೀಸಲಿಟ್ಟರೆ ಮುಂದಿನ ಮಾತುಕತೆಗೆ ಹೆಚ್ಚು ಜಾಗ ಉಳಿಯುತ್ತದೆ ಎಂಬುದು ಅದರ ತರ್ಕ. ಆಗ ಅದು ಹೆಚ್ಚು ಜನರನ್ನು ಸೆಳೆಯಲಿಲ್ಲ.

ಜನರನ್ನು ಗೆದ್ದವರು ಈಲಿ ಕಲ್ಬರ್ಟ್‌ಸನ್. 1929ರಲ್ಲಿ 'ಬ್ರಿಜ್ ವರ್ಲ್ಡ್' ಪತ್ರಿಕೆ ಆರಂಭಿಸಿ, 1930ರಲ್ಲಿ 'ಬ್ಲೂ ಬುಕ್' ಪ್ರಕಟಿಸಿದರು. ಎಕ್ಕ, ರಾಜಗಳು ಬೇಗ ಗೆದ್ದುಕೊಡುವ ಟ್ರಿಕ್ಕುಗಳನ್ನು ಎಣಿಸಿ ಕೈ ಅಳೆಯುವುದು, ಜಾತಿಗಳನ್ನು ಒಂದೊಂದಾಗಿ ತೋರಿಸುತ್ತ ಸರಿಯಾದ ತುರುಫು ಹುಡುಕುವುದು ಅವರ ಕ್ರಮ. ಹೊಸ ಜಾತಿ ಕೂಗಿದ ಜೊತೆಗಾರನಿಗೆ ಉತ್ತರ ಕೊಡಲೇಬೇಕು ಎಂಬ ಕಟ್ಟುಪಾಡಿಗೆ ಅವರು ರೂಪ ಕೊಟ್ಟರು. 1930ರಲ್ಲಿ ಲಂಡನ್ನಿಗೆ ಹೋಗಿ, ಕನ್ವೆನ್ಷನ್‌ಗಳನ್ನು ತಿರಸ್ಕರಿಸಿ ನೇರ ಕೂಗನ್ನೇ ನೆಚ್ಚಿದ್ದ ವಾಲ್ಟರ್ ಬುಲರ್ ಅವರ ತಂಡವನ್ನು ಸೋಲಿಸಿದರು. 1931ರ ಡಿಸೆಂಬರಿನಿಂದ 1932ರ ಜನವರಿವರೆಗೆ ಸಿಡ್ನಿ ಲೆನ್ಜ್ ಅವರೊಂದಿಗೆ ನಡೆದ 150 ರಬ್ಬರ್‌ಗಳ (ಮೊದಲು ಎರಡು ಗೇಮ್ ಮಾಡಿದವರು ಗೆಲ್ಲುವ ಸುತ್ತುಗಳ) ಪಂದ್ಯ ಎರಡು ಪದ್ಧತಿಗಳ ಬಹಿರಂಗ ಪರೀಕ್ಷೆಯೇ ಆಗಿತ್ತು. ಪತ್ರಿಕೆಗಳು ದಿನದಿನವೂ ಅದನ್ನು ವರದಿ ಮಾಡಿದವು. ಕಲ್ಬರ್ಟ್‌ಸನ್ 8,980 ಅಂಕಗಳಿಂದ ಗೆದ್ದರು. ಹೆಂಡತಿ ಜೋಸೆಫೀನ್ ಹಲವು ರಬ್ಬರ್‌ಗಳಲ್ಲಿ ಅವರ ಜೊತೆಗಾರ್ತಿಯಾಗಿದ್ದರು.

ಇಂಗ್ಲೆಂಡಿನಲ್ಲಿ ಜ್ಯಾಕ್ ಮಾರ್ಕ್ಸ್, ಎಸ್. ಜೆ. ಸೈಮನ್, ಮಾರಿಸ್ ಹ್ಯಾರಿಸನ್-ಗ್ರೇ ಮೊದಲಾದ ಯುವಕರು 1930ರ ದಶಕದ ನಡುವೆ ಬೇರೊಂದು ದಾರಿ ಕಂಡುಕೊಂಡರು. ಅವರು ಕೂಡುತ್ತಿದ್ದ ಕ್ಲಬ್ ಲಂಡನ್ನಿನ ಏಕಾಲ್ ರಸ್ತೆಯಲ್ಲಿತ್ತು. ಪದ್ಧತಿಗೂ ಅದೇ ಹೆಸರಾಯಿತು. ಏಕಾಲ್‌ನಲ್ಲಿ ನಾಲ್ಕೇ ಎಲೆಯ ಜಾತಿಯನ್ನೂ ಕೂಗಿ ಆರಂಭಿಸಬಹುದು. ಕಟ್ಟುಪಾಡು ಕಡಿಮೆ, ಆಟಗಾರನ ವಿವೇಚನೆಗೆ ಜಾಗ ಹೆಚ್ಚು. ಬೆನ್ ಕೋಹೆನ್ ಮತ್ತು ಟೆರೆನ್ಸ್ ರೀಸ್ 1938ರಲ್ಲಿ ಇದನ್ನು ಪುಸ್ತಕವಾಗಿಸಿದರು.

ಅಂಕದಲ್ಲಿ ಅಳತೆ

ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಎಣಿಕೆಯನ್ನು ಬ್ರಯಂಟ್ ಮೆಕ್‌ಕ್ಯಾಂಬೆಲ್ 1915ರಲ್ಲೇ ಸೂಚಿಸಿದ್ದರು. ಮಿಲ್ಟನ್ ವರ್ಕ್ ಅದನ್ನು ಪ್ರಚಾರಕ್ಕೆ ತಂದರು. ಉದ್ದ ಮತ್ತು ಗಿಡ್ಡ ಜಾತಿಗಳಿಗೂ ಅಂಕ ಸೇರಿಸಿ, 1949ರಿಂದ ಮನೆಮನೆಗೆ ಮುಟ್ಟಿಸಿದವರು ಚಾರ್ಲ್ಸ್ ಗೋರೆನ್. ಕಟ್ಟಿನಲ್ಲಿ ಒಟ್ಟು 40 ಅಂಕ. ಜೋಡಿಯ ಬಳಿ 26 ಇದ್ದರೆ ಗೇಮ್, 33 ಇದ್ದರೆ 12 ಟ್ರಿಕ್ಕಿನ ಸ್ಲ್ಯಾಮ್, 37 ಇದ್ದರೆ ಹದಿಮೂರೂ. ಕಲ್ಬರ್ಟ್‌ಸನ್ ಅವರ ಎಣಿಕೆಗಿಂತ ಇದು ಹೊಸಬರಿಗೆ ಸುಲಭ. ನೋ ಟ್ರಂಪ್ ಆಟಕ್ಕಂತೂ ಚೆನ್ನಾಗಿ ಹೊಂದುತ್ತದೆ. ಇಂದು ಬಹುತೇಕ ಎಲ್ಲ ಪದ್ಧತಿಗಳೂ ಇದೇ ಅಳತೆಯ ಮೇಲೆ ನಿಂತಿವೆ.

ಕನ್ವೆನ್ಷನ್‌ಗಳು

ನಿಜವಾದ ಆಟದಲ್ಲಿ ಎಡವಿದ ಕಡೆಯಲ್ಲೇ ಕನ್ವೆನ್ಷನ್ ಹುಟ್ಟುತ್ತದೆ. ಹಳೆಯದರಲ್ಲಿ ಒಂದು ಟೇಕ್‌ಔಟ್ ಡಬಲ್, 1910ರ ದಶಕದ್ದು. 'ನೀನು ಸೋಲುತ್ತೀಯ' ಎಂದು ದಂಡ ಏರಿಸುವ ಡಬಲನ್ನು, ಎದುರಾಳಿ ಕೆಳಮಟ್ಟದಲ್ಲಿ ಹರಾಜು ಶುರುಮಾಡಿದ ಕೂಡಲೇ ಹೇಳಿದರೆ, 'ನನ್ನ ಕೈ ಚೆನ್ನಾಗಿದೆ, ನಿನಗೆ ಒಗ್ಗುವ ಜಾತಿ ಕೂಗು' ಎಂಬ ಕೋರಿಕೆಯಾಗಿ ತಿಳಿಯಲಾಯಿತು. ಅಷ್ಟು ಕೆಳಗೆ ದಂಡದ ಡಬಲ್ ಬೇಕಾಗುವುದು ಅಪರೂಪ. ಕೋರಿಕೆಯ ಅಗತ್ಯ ಪದೇ ಪದೇ ಬರುತ್ತದೆ. ಒಳ್ಳೆಯ ಕನ್ವೆನ್ಷನ್‌ನ ಲಕ್ಷಣವೇ ಇದು: ಬಿಟ್ಟುಕೊಟ್ಟ ಅರ್ಥ ಅಗ್ಗದ್ದು, ಪಡೆದದ್ದು ದಿನಬಳಕೆಯದು.

ಸ್ಟೇಮನ್ ಕನ್ವೆನ್ಷನ್ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಜೊತೆಗಾರ 15ರಿಂದ 17 ಅಂಕದ 'ಒಂದು ನೋ ಟ್ರಂಪ್' ಕೂಗಿದ್ದಾನೆ ಎಂದುಕೊಳ್ಳಿ. ನಿಮ್ಮ ಕೈ: ಇಸ್ಪೀಟಿನಲ್ಲಿ ರಾಜ, ರಾಣಿ, 8, 4, ಆಟಿನ್‌ನಲ್ಲಿ 7, 2, ಡೈಮಂಡಿನಲ್ಲಿ ಎಕ್ಕ, 9, 6, 3, ಕಳಾವರ್‌ನಲ್ಲಿ ಗುಲಾಮ, 10, 5. ಒಟ್ಟು 10 ಅಂಕ, ಗೇಮ್‌ಗೆ ಸಾಕು. ನೇರವಾಗಿ 'ಮೂರು ನೋ ಟ್ರಂಪ್' ಎನ್ನಬಹುದು. ಆದರೆ ಜೊತೆಗಾರನ ಕೈ ಹೀಗಿದೆ: ಇಸ್ಪೀಟಿನಲ್ಲಿ ಎಕ್ಕ, ಗುಲಾಮ, 9, 3, ಆಟಿನ್‌ನಲ್ಲಿ ಎಕ್ಕ, 6, ಡೈಮಂಡಿನಲ್ಲಿ ರಾಜ, 8, 2, ಕಳಾವರ್‌ನಲ್ಲಿ ರಾಜ, ರಾಣಿ, 7, 6. ಎದುರಾಳಿ ಆಟಿನ್ ಇಳಿಸುತ್ತಾನೆ. ತಡೆಯಲು ನಿಮ್ಮಲ್ಲಿರುವುದು ಆ ಒಂದು ಎಕ್ಕ. ಕಳಾವರ್ ಎಕ್ಕ ಇನ್ನೂ ಎದುರಾಳಿಗಳ ಬಳಿಯೇ ಇದೆ. ಅದನ್ನು ಹೊರಡಿಸದೆ ಒಂಬತ್ತು ಟ್ರಿಕ್ ಆಗದು, ಹೊರಡಿಸಿದೊಡನೆ ಉಳಿದ ಆಟಿನ್‌ಗಳೆಲ್ಲ ಅವರ ಪಾಲು. ಆಟ ಬೀಳುತ್ತದೆ.

ಸ್ಟೇಮನ್ ಬಲ್ಲ ಜೋಡಿ 'ಎರಡು ಕಳಾವರ್' ಎನ್ನುತ್ತದೆ. ಇದು ಒಂದು ಪ್ರಶ್ನೆ: ನಾಲ್ಕು ಎಲೆಯ ಆಟಿನ್ ಅಥವಾ ಇಸ್ಪೀಟು ಇದೆಯೇ? 'ಎರಡು ಇಸ್ಪೀಟು' ಎಂಬ ಉತ್ತರ ಬಂದೊಡನೆ 'ನಾಲ್ಕು ಇಸ್ಪೀಟು'. ಆಗ ಆಟಿನ್‌ನಲ್ಲಿ ಒಂದು, ಕಳಾವರ್‌ನಲ್ಲಿ ಒಂದು, ಡೈಮಂಡಿನಲ್ಲಿ ಒಂದು ಬಿಟ್ಟುಕೊಟ್ಟರೂ ಹತ್ತು ಟ್ರಿಕ್ ಕೈಗೂಡುತ್ತವೆ. ಅದೇ 26 ಎಲೆ, ಕೂಗು ಮಾತ್ರ ಬೇರೆ. ಈ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಜ್ಯಾಕ್ ಮಾರ್ಕ್ಸ್, ಅಮೆರಿಕದಲ್ಲಿ ಜಾರ್ಜ್ ರಪೇ ಬೇರೆಬೇರೆಯಾಗಿ ಕಂಡುಕೊಂಡಿದ್ದರು. ರಪೇ ಅವರ ಜೊತೆಗಾರ ಸ್ಯಾಮ್ ಸ್ಟೇಮನ್ 1945ರಲ್ಲಿ ಲೇಖನ ಬರೆದದ್ದರಿಂದ ಅವರ ಹೆಸರೇ ನಿಂತಿತು.

ಇಂಡಿಯಾನಾಪೊಲಿಸ್‌ನ ಈಸ್ಲಿ ಬ್ಲ್ಯಾಕ್‌ವುಡ್ 1933ರಲ್ಲಿ ರೂಪಿಸಿದ ಕನ್ವೆನ್ಷನ್‌ನಲ್ಲಿ 'ನಾಲ್ಕು ನೋ ಟ್ರಂಪ್' ಎಂದರೆ 'ನಿನ್ನಲ್ಲಿ ಎಷ್ಟು ಎಕ್ಕ?' ಐದು ಕಳಾವರ್ ಎಂದರೆ ಒಂದೂ ಇಲ್ಲ ಅಥವಾ ನಾಲ್ಕೂ ಇವೆ. ಐದು ಡೈಮಂಡ್ ಒಂದು, ಐದು ಆಟಿನ್ ಎರಡು, ಐದು ಇಸ್ಪೀಟು ಮೂರು. ಆಸ್ವಾಲ್ಡ್ ಜಾಕೋಬಿ 1956ರಲ್ಲಿ ಅಮೆರಿಕದಲ್ಲಿ ಪ್ರಚಾರ ಮಾಡಿದ ಟ್ರಾನ್ಸ್‌ಫರ್ ಕೂಗಿನಲ್ಲಿ ಆಟಿನ್ ಇದ್ದವನು ಡೈಮಂಡ್ ಕೂಗುತ್ತಾನೆ, ನೋ ಟ್ರಂಪ್ ಕೂಗಿದವನು ಆಟಿನ್ ಕೂಗಿ ಆಟ ನಡೆಸುತ್ತಾನೆ. ಬಲವಾದ ಕೈ ಮುಚ್ಚಿಕೊಂಡೇ ಇರುತ್ತದೆ ಎಂಬುದು ಲಾಭ. 1957ರಲ್ಲಿ ಆಲ್ವಿನ್ ರಾತ್ ಮತ್ತು ಟೋಬಿಯಾಸ್ ಸ್ಟೋನ್ ಪರಿಚಯಿಸಿದ, ಎದುರಾಳಿ ನಡುವೆ ಕೂಗಿದಾಗ ಇನ್ನೂ ಕೂಗದ ಜಾತಿಗಳು ತನ್ನಲ್ಲಿವೆ ಎಂದು ಜೊತೆಗಾರನಿಗೆ ತಿಳಿಸುವ ನೆಗೆಟಿವ್ ಡಬಲ್‌ಗೆ, ಆ ವರ್ಷ ಹಾರಿದ ಉಪಗ್ರಹದ ನೆನಪಿನಲ್ಲಿ 'ಸ್ಪುಟ್ನಿಕ್' ಎಂದೂ ಹೆಸರಿತ್ತು. ಐದು ಎಲೆ ಇಲ್ಲದೆ ಆಟಿನ್ ಅಥವಾ ಇಸ್ಪೀಟು ತೆರೆಯಬಾರದು ಎಂಬ ಶಿಸ್ತು ಅಮೆರಿಕದಲ್ಲಿ ಬೇರೂರಲು ಈ ಇಬ್ಬರೂ ಮುಖ್ಯ ಕಾರಣ.

ಬಲವಾದ ಕಳಾವರ್‌ನ ಮರಳಿಕೆ

ವ್ಯಾಂಡರ್ಬಿಲ್ಟ್ ಅವರ ವಿಚಾರಕ್ಕೆ ಇಟಲಿಯಲ್ಲಿ ಮರುಜೀವ ಬಂತು. ನೇಪಲ್ಸ್‌ನ ಯುಜೇನಿಯೊ ಕಿಯಾರಾದಿಯಾ ಕಟ್ಟಿದ ನಿಯಾಪೊಲಿಟನ್ ಕ್ಲಬ್, ಅದರಿಂದ ಬೆನಿಟೊ ಗರೋಜೊ ಬೆಳೆಸಿದ ಬ್ಲೂ ಕ್ಲಬ್, ವಾಲ್ಟರ್ ಅವರೆಲ್ಲಿ ಮತ್ತು ಜಾರ್ಜಿಯೊ ಬೆಲ್ಲಡೊನಾ ಜೋಡಿಯ ರೋಮನ್ ಕ್ಲಬ್, ಇವು ಇಟಲಿಯ 'ಬ್ಲೂ ಟೀಮ್' ನಂಬಿದ ಪದ್ಧತಿಗಳು. 1957ರಿಂದ 1969ರ ನಡುವೆ ಆ ತಂಡ ವಿಶ್ವ ಚಾಂಪಿಯನ್‌ಷಿಪ್ ಆದ ಬರ್ಮುಡಾ ಬೌಲ್ ಅನ್ನು ಹತ್ತು ಸಲ ಗೆದ್ದಿತು.

ಚೀನಾ ಮೂಲದ ಸಿ. ಸಿ. ವೇ ಈ ವಿಚಾರವನ್ನು ಸರಳಗೊಳಿಸಿ ಪ್ರಿಸಿಷನ್ ಪದ್ಧತಿ ಮಾಡಿದರು. 16 ಅಥವಾ ಹೆಚ್ಚು ಅಂಕ ಇದ್ದರೆ 'ಒಂದು ಕಳಾವರ್'. ಉಳಿದ ಆರಂಭದ ಕೂಗುಗಳಿಗೆ ಹೀಗೆ ಮೇಲಿನ ಮಿತಿ ತಾನಾಗಿ ಬೀಳುತ್ತದೆ. ಇದನ್ನು ಆಡಿದ ತೈವಾನ್ ತಂಡ 1969 ಮತ್ತು 1970ರಲ್ಲಿ ಬರ್ಮುಡಾ ಬೌಲ್‌ನಲ್ಲಿ ಎರಡನೆಯ ಸ್ಥಾನಕ್ಕೆ ಬಂದಾಗ ಜಗತ್ತು ತಿರುಗಿ ನೋಡಿತು. ಮುಂದೆ ಪೋಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಆಟಗಾರರು ಇನ್ನೂ ದೂರ ಹೋಗಿ, ಬಲವಾದ ಕೈಗೆ ಪಾಸ್, ದುರ್ಬಲ ಕೈಗೆ ಕೂಗು ಎಂಬ ಪದ್ಧತಿಗಳನ್ನೂ ಕಟ್ಟಿದರು. ಎದುರಾಳಿಗಳು ಮುಂಚಿತವಾಗಿ ಸಿದ್ಧತೆ ಮಾಡದೆ ಇವನ್ನು ಎದುರಿಸುವುದು ಕಷ್ಟ. ಹಾಗಾಗಿ ವಿಶ್ವ ಬ್ರಿಜ್ ಒಕ್ಕೂಟ ಅಂಥ ಪದ್ಧತಿಗಳನ್ನು ಬೇರೆ ವರ್ಗಕ್ಕೆ ಸೇರಿಸಿ, ಬಳಕೆಗೆ ಮಿತಿ ಹಾಕಿತು.

ಗುಟ್ಟಿಲ್ಲದ ಒಪ್ಪಂದ

ಬ್ರಿಜ್‌ನ ನಿಯಮದಂತೆ ಜೋಡಿಯ ಒಪ್ಪಂದ ಎದುರಾಳಿಗಳಿಗೂ ತಿಳಿದಿರಬೇಕು. ಸ್ಪರ್ಧೆಯಲ್ಲಿ ಪ್ರತಿ ಜೋಡಿಯೂ ತನ್ನ ಪದ್ಧತಿ ಬರೆದ ಕನ್ವೆನ್ಷನ್ ಕಾರ್ಡನ್ನು ಮೇಜಿನ ಮೇಲಿಡಬೇಕು. ಸಹಜವಲ್ಲದ ಕೂಗು ಬಂದರೆ ಅದನ್ನು ಕೂಗಿದವನ ಜೊತೆಗಾರ 'ಅಲರ್ಟ್' ಎಂದು ಎಚ್ಚರಿಸಬೇಕು. ಕೇಳಿದರೆ ಅರ್ಥ ಬಿಡಿಸಿ ಹೇಳಬೇಕು. ದನಿಯ ಏರಿಳಿತ, ತಡವರಿಕೆ, ಮುಖಭಾವಗಳಿಂದ ಸುದ್ದಿ ಕೊಡುವುದು ತಪ್ಪು. ಇದನ್ನು ತಡೆಯಲು ಸ್ವೀಡನ್ನಿನಲ್ಲಿ 1960ರ ದಶಕದಲ್ಲಿ ಬಿಡ್ಡಿಂಗ್ ಬಾಕ್ಸ್ ಬಳಕೆಗೆ ಬಂತು. ಬಾಯಲ್ಲಿ ಕೂಗುವ ಬದಲು ಕೂಗಿನ ಚೀಟಿಯನ್ನು ಮೇಜಿನ ಮೇಲಿಡುವುದು ರೂಢಿಯಾಯಿತು. 1975ರ ಬರ್ಮುಡಾ ಬೌಲ್‌ನಲ್ಲಿ ಜೊತೆಗಾರರು ಪರಸ್ಪರ ಕಾಣದಂತೆ ಮೇಜಿಗೆ ಅಡ್ಡಲಾಗಿ ಪರದೆ ನಿಲ್ಲಿಸಲಾಯಿತು.

ಭಾರತ ಮತ್ತು ಕರ್ನಾಟಕ

ಕನ್ನಡ ನಾಡಿಗೆ ಎಲೆಯಾಟದ ಪರಂಪರೆ ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಮೈಸೂರಿನ ಚದ್ ಗಂಜೀಫಾ ಆಟಗಳಲ್ಲಿ ದೊಡ್ಡದಕ್ಕೆ 360 ಎಲೆಗಳಿವೆ. ಗಂಜೀಫಾದಲ್ಲಿ ಜೊತೆಗಾರನಿಗೆ ಸುದ್ದಿ ಮುಟ್ಟಿಸುವ ಹರಾಜು ಇಲ್ಲ. ಹರಾಜಿನ ರುಚಿ ದಕ್ಷಿಣ ಭಾರತದ ಜನಸಾಮಾನ್ಯರಿಗೆ ಸಿಕ್ಕಿದ್ದು ಇಪ್ಪತ್ತೆಂಟರ ಆಟದಲ್ಲಿ. ಅದಕ್ಕೆ 32 ಎಲೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಅಂಕ, ನಾಲ್ಕು ಜಾತಿ ಸೇರಿ 28. ನಾಲ್ಕೇ ಎಲೆ ನೋಡಿ 14ರಿಂದ ಮೇಲಕ್ಕೆ ಕೂಗಿ, ಗೆದ್ದವನು ತುರುಫನ್ನು ಮುಚ್ಚಿಡುತ್ತಾನೆ. ಇದರ ಹಿರಿಯ ರೂಪವಾದ ಐವತ್ತಾರು ಕೇರಳದಲ್ಲಿ ಹೆಚ್ಚು ಬಳಕೆಯಲ್ಲಿದೆ. ಅಲ್ಲಿ ಸಂಖ್ಯೆ ಮೊದಲೋ ಜಾತಿ ಮೊದಲೋ ಎಂಬುದೂ ಜೊತೆಗಾರನಿಗೆ ಸುದ್ದಿ ಕೊಡುತ್ತದೆ. ಬ್ರಿಜ್‌ನ ಕನ್ವೆನ್ಷನ್‌ಗೆ ಇದು ತೀರ ಹತ್ತಿರದ ನೆಂಟ.

ಬ್ರಿಜ್ ಇಲ್ಲಿ ಮೊದಲು ನೆಲೆಯಾದದ್ದು ಬ್ರಿಟಿಷರ ದಂಡು, ಕಚೇರಿ, ಕ್ಲಬ್ಬುಗಳ ಮೂಲಕ. ಇಂದು ದೇಶದ ಸ್ಪರ್ಧೆಗಳನ್ನು ಭಾರತೀಯ ಬ್ರಿಜ್ ಒಕ್ಕೂಟ ನೋಡಿಕೊಳ್ಳುತ್ತದೆ. ರಾಜ್ಯದಲ್ಲಿ ಆ ಕೆಲಸ ಕರ್ನಾಟಕ ರಾಜ್ಯ ಬ್ರಿಜ್ ಸಂಸ್ಥೆಯದು. 1988ರಲ್ಲಿ ವೆನಿಸ್‌ನಲ್ಲಿ ನಡೆದ ವಿಶ್ವ ತಂಡ ಒಲಿಂಪಿಯಾಡ್‌ನಲ್ಲಿ ಭಾರತ ಸೆಮಿಫೈನಲ್ ತಲುಪಿತು. 2015ರಲ್ಲಿ ಬರ್ಮುಡಾ ಬೌಲ್ ಚೆನ್ನೈಯಲ್ಲಿ ನಡೆಯಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದರು. ಆಗ ಬರ್ಧನ್ ಅವರಿಗೆ 60 ವರ್ಷ. 2023ರಲ್ಲಿ ಹಾಂಗ್‌ಝೌನಲ್ಲಿ ಪುರುಷರ ತಂಡಕ್ಕೆ ಬೆಳ್ಳಿ ಬಂತು.

ಇಸ್ಪೀಟೆಂದರೆ ಜೂಜು ಎಂಬ ಅನುಮಾನ ಈ ಆಟವನ್ನೂ ಕಾಡಿದೆ. ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ತೀರ್ಪು ಕೊಟ್ಟಾಗ, ರಮ್ಮಿಯಲ್ಲಿರುವ ಅದೃಷ್ಟದ ಪಾಲು ಬ್ರಿಜ್‌ನ ಎಲೆ ಹಂಚಿಕೆಯಲ್ಲಿರುವಂಥದೇ ಎಂದು ಹೋಲಿಸಿತು. ಸ್ಪರ್ಧಾತ್ಮಕ ಬ್ರಿಜ್‌ನಲ್ಲಿ ಆ ಪಾಲೂ ಕುಗ್ಗುತ್ತದೆ. ಹಂಚಿದ ಅದೇ ಎಲೆಗಳನ್ನು ಬೇರೆ ಮೇಜುಗಳಲ್ಲೂ ಆಡಿಸಿ, ಯಾರು ಚೆನ್ನಾಗಿ ಕೂಗಿ ಆಡಿದರು ಎಂದು ತೂಗಲಾಗುತ್ತದೆ.

ಪದ್ಧತಿಯ ಆಯ್ಕೆ

ಇಂದು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಸಹಜ ಪದ್ಧತಿ: ಏಕಾಲ್ ಅಥವಾ ಸ್ಟ್ಯಾಂಡರ್ಡ್ ಅಮೆರಿಕನ್. ಏಕಾಲ್‌ನಲ್ಲಿ ನಾಲ್ಕೆಲೆಯ ಜಾತಿ ಮತ್ತು ಸಾಮಾನ್ಯವಾಗಿ 12ರಿಂದ 14 ಅಂಕದ ದುರ್ಬಲ ನೋ ಟ್ರಂಪ್. ಅಮೆರಿಕನ್‌ನಲ್ಲಿ ಐದೆಲೆಯ ಆಟಿನ್ ಅಥವಾ ಇಸ್ಪೀಟು, 15ರಿಂದ 17ರ ನೋ ಟ್ರಂಪ್. ದುರ್ಬಲ ನೋ ಟ್ರಂಪ್ ಎದುರಾಳಿಯ ದಾರಿ ಮುಚ್ಚುತ್ತದೆ, ಆದರೆ ಡಬಲ್ ಆದರೆ ಪೆಟ್ಟು ದೊಡ್ಡದು. ಎರಡನೆಯದು 'ಟು ಓವರ್ ಒನ್': ಜೊತೆಗಾರನ ಒಂದು ಆಟಿನ್ ಅಥವಾ ಒಂದು ಇಸ್ಪೀಟಿಗೆ ಎರಡನೆಯ ಮಟ್ಟದಲ್ಲಿ ಹೊಸ ಜಾತಿ ಕೂಗಿದರೆ, ಗೇಮ್ ಮುಟ್ಟುವವರೆಗೆ ಇಬ್ಬರೂ ನಿಲ್ಲುವಂತಿಲ್ಲ. ಸ್ಲ್ಯಾಮ್ ಹುಡುಕಲು ಬೇಕಾದ ನಿಧಾನ ಇದರಲ್ಲಿ ಸಿಗುತ್ತದೆ. ಮಧ್ಯಮ ಬಲದ ಕೈಗಳು ಒಂದೇ ಕೂಗಿನಲ್ಲಿ ಕಿಕ್ಕಿರಿಯುವುದು ಅದಕ್ಕೆ ತೆರುವ ಬೆಲೆ. ಮೂರನೆಯದು ಪ್ರಿಸಿಷನ್. ಬಲವಾದ ಕೈಗಳಲ್ಲಿ ನಿಖರ, ಆದರೆ 'ಒಂದು ಕಳಾವರ್' ಮೇಲೆ ಎದುರಾಳಿ ಮೇಲುಮಟ್ಟಕ್ಕೆ ಜಿಗಿದರೆ ಇನ್ನೂ ಜಾತಿಯನ್ನೇ ಹೇಳದ ಜೋಡಿ ಇಕ್ಕಟ್ಟಿಗೆ ಸಿಲುಕುತ್ತದೆ.

ಎಲ್ಲ ಕೈಗೂ ಮೇಲಾದ ಪದ್ಧತಿ ಇದುವರೆಗೆ ಹುಟ್ಟಿಲ್ಲ. ವಿಶ್ವ ಪ್ರಶಸ್ತಿಗಳನ್ನು ಸಹಜ ಪದ್ಧತಿಯವರೂ ಗೆದ್ದಿದ್ದಾರೆ, ಬಲವಾದ ಕಳಾವರ್‌ನವರೂ ಗೆದ್ದಿದ್ದಾರೆ. ಗೆದ್ದ ಜೋಡಿಗಳಲ್ಲಿ ಸಮಾನವಾಗಿ ಕಾಣುವುದು ಒಂದೇ: ತಮ್ಮ ಒಪ್ಪಂದವನ್ನು ಇಬ್ಬರೂ ಒಂದೇ ರೀತಿ ಅರಿತಿರುವುದು. ಒಬ್ಬ ಟ್ರಾನ್ಸ್‌ಫರ್ ಎಂದು ಕೂಗಿದ್ದನ್ನು ಇನ್ನೊಬ್ಬ ಸಹಜವೆಂದು ತಿಳಿದು ಪಾಸ್ ಎಂದರೆ, ಕನ್ವೆನ್ಷನ್ ಇಲ್ಲದಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ ಹೆಚ್ಚಿನ ನಷ್ಟ ಆಗುತ್ತದೆ.

ಹಿಂದೆ ಬ್ರಿಜ್ ಕಲಿಯಲು ಬೆಂಗಳೂರು, ಮೈಸೂರಿನಂಥ ಊರಿನ ಕ್ಲಬ್ ಬೇಕಿತ್ತು. 'ಬ್ರಿಜ್ ಬೇಸ್ ಆನ್‌ಲೈನ್' ಬಂದ ಮೇಲೆ ತುರುವೇಕೆರೆಯಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಕೂತವರು ಮುಖ ಕಾಣದ ಜೊತೆಗಾರನೊಂದಿಗೆ ಆಡಬಹುದು. ಅಲ್ಲಿ ಹೊಸ ಜೋಡಿಗಳಿಗೆ ಸಾಮಾನ್ಯ ಭಾಷೆಯಾಗಿ ಒದಗುವುದು ಸ್ಟ್ಯಾಂಡರ್ಡ್ ಅಮೆರಿಕನ್‌ನ 'ಯೆಲ್ಲೋ ಕಾರ್ಡ್' ರೂಪ. ಇಪ್ಪತ್ತೆಂಟು ಆಡಿ ಬಲ್ಲವರಿಗೆ ಟ್ರಿಕ್, ತುರುಫು, ಏರುವ ಕೂಗು ಹೊಸದಲ್ಲ. ಅವರು ಹೊಸದಾಗಿ ಕಲಿಯಬೇಕಾದದ್ದು ಅಂಕ ಎಣಿಸಿ ಕೈ ಅಳೆಯುವುದು, ಅದನ್ನು ಜೊತೆಗಾರನಿಗೆ ಕೂಗಿನಲ್ಲಿ ತಿಳಿಸುವುದು. ಸಹಜ ಪದ್ಧತಿ, ಸ್ಟೇಮನ್, ಟೇಕ್‌ಔಟ್ ಡಬಲ್, ಬ್ಲ್ಯಾಕ್‌ವುಡ್ ಇಷ್ಟಿದ್ದರೆ ಆರಂಭಕ್ಕೆ ಸಾಕು. ಮುಂದಿನ ಪ್ರತಿ ಕನ್ವೆನ್ಷನ್ ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಇಂಥ ಕೈ ಎಷ್ಟು ಸಲ ಬರುತ್ತದೆ? ಇದಕ್ಕಾಗಿ ಯಾವ ಅರ್ಥ ಬಿಡಬೇಕು? ನಡುವೆ ಎದುರಾಳಿ ಕೂಗಿದರೆ ಏನು ಮಾಡುತ್ತೇವೆ? ಮೂರಕ್ಕೂ ಇಬ್ಬರ ಉತ್ತರ ಒಂದೇ ಆದಾಗ ಅದನ್ನು ಕಾರ್ಡಿನಲ್ಲಿ ಬರೆದುಕೊಳ್ಳಬಹುದು.